ಎರಡು ಗಂಟೆಗೊಮ್ಮೆ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದದ್ದು ಬೆಳಗ್ಗೆ ಏಳಕ್ಕೆ. ಏಳೂಕಾಲಿಗೆಲ್ಲ ಮನೆಯವರು ಸೇರಿಕೊಂಡು ಸೊಸೆಯ ಕೆಲಸ ಬಿಡಿಸಿ ಆಗಿತ್ತು. ಸೊಸೆಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಒಪ್ಪಿದ್ದರು.

ಆ ಸೊಸೆಯನ್ನು ಬೀದಿಯವರೆಲ್ಲ ಸಿಸ್ಟರಮ್ಮ ಅಂತಲೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಗಂಡಸರ ಸರ್ಜರಿ ವಾರ್ಡು ಅವಳ ಕೈಯಲ್ಲಿತ್ತು. ಮೂವತ್ತೆರಡು ಮಂಚ, ಹತ್ತೊಂಬತ್ತು ವರ್ಷದ ಸರ್ವೀಸು. ಆವತ್ತು ಬಚ್ಚಲ ಬಾಗಿಲಿಗೆ ಅಡ್ಡ ನಿಂತು, ಅತ್ತೆಯನ್ನು ಯಾರೂ ರಟ್ಟೆ ಹಿಡಿದು ಎಳೆಯದ ಹಾಗೆ ತಡೆದವಳು ಅವಳೇ. ಒದ್ದೆ ನೆಲದಲ್ಲಿ ಮಂಡಿಯೂರಿ, ಬಲಗಾಲು ಹೊರಳಿ ಬಿದ್ದ ರೀತಿ ನೋಡಿ, "ಸೊಂಟದ ಹತ್ತಿರ ಮೂಳೆ ಮುರಿದಿರೋ ಹಾಗಿದೆ, ಯಾರೂ ಮುಟ್ಟಬೇಡಿ. ಆಂಬುಲೆನ್ಸಿಗೆ ಹೇಳಿ" ಅಂದವಳೂ ಅವಳೇ. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಗಂಡ ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳುತ್ತಿದ್ದ, "ಗಾಬರಿ ಏನಿಲ್ಲ ಅಕ್ಕ. ಮನೇಲೇ ನರ್ಸ್ ಇದ್ದಾಳಲ್ಲ. ಇನ್ಮೇಲೆ ಅಮ್ಮನ್ನ ಇವಳೇ ನೋಡ್ಕೋತಾಳೆ."

ಸಿಸ್ಟರಮ್ಮನ ಕಿವಿಗೆ ಅದು ಬಿತ್ತು. ಆಗ ಉತ್ತರ ಕೊಡಲು ಪುರುಸೊತ್ತಿರಲಿಲ್ಲ.

ಆಪರೇಷನ್ ಆಯಿತು, ಮೂಳೆಗೆ ಪ್ಲೇಟು ಹಾಕಿದರು. ಹತ್ತನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು ಎರಡೇ ಮಾತು ಹೇಳಿದ್ದು. ಆರು ವಾರ ಬಲಗಾಲು ನೆಲಕ್ಕೆ ಊರುವ ಹಾಗಿಲ್ಲ. ಎರಡನೆಯದು, ಅತ್ತೆಗೆ ಸಕ್ಕರೆ ಕಾಯಿಲೆ, ಮೈಯೂ ಭಾರ. ಮಲಗಿದಲ್ಲೇ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. "ನಿಮಗೆ ಹೇಳಬೇಕಾ ಸಿಸ್ಟರ್" ಅಂತ ನಕ್ಕು ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದ ಮೇಲೆ ಸಿಸ್ಟರಮ್ಮ ರಜೆ ಹಾಕಿ ಹದಿನೈದು ದಿನ ಎಲ್ಲ ಮಾಡಿದಳು. ಮೈ ಒರೆಸಿದ್ದು, ಇನ್ಸುಲಿನ್ ಚುಚ್ಚಿದ್ದು, ಗಂಜಿ ಕುಡಿಸಿದ್ದು, ಮಂಚದ ಕೆಳಗಿನ ಪಾತ್ರೆ ತೊಳೆದದ್ದು, ಎಲ್ಲ. ಗಂಡನ ಅಕ್ಕ, ಅಂದರೆ ಮನೆಯವರೆಲ್ಲ ದೊಡ್ಡಕ್ಕ ಅನ್ನುವವಳು, ಎರಡು ಬೀದಿ ಆಚೆಯಿಂದ ದಿನಾ ಸಂಜೆ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದು, "ದಿಂಬು ಇನ್ನೂ ಸ್ವಲ್ಪ ಮೇಲಕ್ಕಿಡಮ್ಮ" ಅಂತ ಹೇಳಿ ಹೋಗುತ್ತಿದ್ದಳು. ದಿಂಬನ್ನು ಒಂದು ದಿನವೂ ಅವಳು ಮುಟ್ಟಲಿಲ್ಲ.

ರಜೆ ಮುಗಿಯುವ ಶನಿವಾರ ಊಟಕ್ಕೆ ಕೂತಾಗ ಸಿಸ್ಟರಮ್ಮ ಅನ್ನ ಬಡಿಸುತ್ತಲೇ ಹೇಳಿದಳು, "ಸೋಮವಾರದಿಂದ ನಾನು ಡ್ಯೂಟಿಗೆ ಹೋಗ್ತೀನಿ."

ಗಂಡ ತಟ್ಟೆಯಿಂದ ತಲೆ ಎತ್ತಿದ. ಅವನು ಆಫೀಸೊಂದರಲ್ಲಿ ಹೆಡ್ ಕ್ಲರ್ಕು. ಮನೆಯಿಂದ ಆಫೀಸಿಗೆ ಐದು ನಿಮಿಷದ ದಾರಿ, ಅಷ್ಟಕ್ಕೂ ಅವನು ಸ್ಕೂಟರಿನಲ್ಲೇ ಹೋಗುತ್ತಿದ್ದ.

"ಡ್ಯೂಟಿಗಾ? ಅಮ್ಮನ್ನ ಯಾರು ನೋಡ್ಕೋತಾರೆ?"

"ಅಮ್ಮನಿಗೆ ಮಕ್ಕಳಿಲ್ವಾ?"

ಮೈದುನ ಕೆಮ್ಮಿದ. ಮನೆಯ ಮುಂದಿನ ಕೋಣೆಯಲ್ಲೇ ಅವನ ಮೊಬೈಲ್ ರಿಪೇರಿ ಅಂಗಡಿ. ಹಾಗಾಗಿ ಅವನ ಹೆಸರೇ ರಿಪೇರಿ ಅಂತಾಗಿತ್ತು. "ಅತ್ತಿಗೆ, ನಮಗೇನು ಗೊತ್ತು ಅದೆಲ್ಲ? ನಾವು ಗಂಡಸರು."

"ಗೊತ್ತಿಲ್ಲ ಅಂದ್ರೆ ಕಲೀಬಹುದು. ಫೋನ್ ಬಿಚ್ಚೋದು ಹುಟ್ಟಿದಾಗಲೇ ಗೊತ್ತಿತ್ತಾ ನಿಂಗೆ?"

"ನೋಡು" ಅಂದ ಗಂಡ, ಆಫೀಸಿನಲ್ಲಿ ಕೆಳಗಿನವರಿಗೆ ಹೇಳುವ ಧಾಟಿಯಲ್ಲಿ. "ಕಂಡವರಿಗೆಲ್ಲ ಮಾಡ್ತೀಯ. ಮನೆಯವರಿಗೆ ಮಾಡೋಕೆ ನಿಂಗೇನು ಕಷ್ಟ? ಸುಮ್ನೆ ಕೆಲಸ ಬಿಟ್ಟು ಮನೇಲಿರು."

"ಮಾಡಲ್ಲ ಅಂತ ಯಾರು ಅಂದ್ರು? ಒಬ್ಬಳೇ ಮಾಡಲ್ಲ ಅಂದೆ. ಆಸ್ಪತ್ರೇಲಿ ಇಪ್ಪತ್ನಾಲ್ಕು ಗಂಟೆ ಒಬ್ಬ ನರ್ಸನ್ನ ನಿಲ್ಲಿಸಲ್ಲ, ಮೂರು ಪಾಳಿ ಇರತ್ತೆ. ಇಲ್ಲಿ ನಾಲ್ಕು ಜನ ಗಟ್ಟಿಮುಟ್ಟಾಗಿದ್ದೀವಿ. ನಾಲ್ಕೂ ಜನ ಮಾಡೋದು."

"ಯಾರನ್ನಾದರೂ ಆಳಿಟ್ಟುಕೊಂಡ್ರೆ?" ಅಂತ ಮಗಳು ಬಾಯಿ ಹಾಕಿದಳು. ಕಾಲೇಜಿಗೆ ಹೋಗುವ ಹುಡುಗಿ, ಮನೆಯಲ್ಲಿ ಪುಟ್ಟಿ.

ಒಳಕೋಣೆಯಿಂದ ಅತ್ತೆಯ ದನಿ ಬಂತು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ದನಿ. ಕಾಲು ಮುರಿದರೂ ಗಂಟಲು ಮುರಿದಿರಲಿಲ್ಲ. "ಹೊರಗಿನವರು ಯಾರೂ ನನ್ನ ಮೈ ಮುಟ್ಟಕೂಡದು! ಗಂಡುಮಕ್ಕಳೂ ಮುಟ್ಟಕೂಡದು!"

ಸಿಸ್ಟರಮ್ಮ ಸೌಟು ಪಾತ್ರೆಗೆ ಹಾಕಿ ಒಳಗೆ ಹೋಗಿ ನಿಂತಳು. "ಅತ್ತೆ, ಈ ಗಂಡುಮಕ್ಕಳಿಗೆ ಚಿಕ್ಕಂದಿನಲ್ಲಿ ಯಾರು ತೊಳೆದದ್ದು?"

"ನಾನು. ಮತ್ಯಾರು?"

"ಆಗ ಅವರು ಮುಟ್ಟಕೂಡದು ಅಂತ ಅಂದ್ರಾ?"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮದುವೆಯ ಮಾತುಕತೆ ಆಗುವಾಗ "ಕಂಡವರ ಕಕ್ಕಸು ಬಳಿಯೋ ಹುಡುಗಿ ನಮಗ್ಯಾಕೆ" ಅಂದಿದ್ದವರು ಇದೇ ಅತ್ತೆ. ಸಿಸ್ಟರಮ್ಮ ಅದನ್ನು ಮರೆತಿರಲಿಲ್ಲ, ಈಗ ಎತ್ತಿ ಆಡಲೂ ಇಲ್ಲ. ಬಟ್ಟೆ ಬದಲಿಸೋದು, ಪಾತ್ರೆ ಇಡೋದು ತಾನು ಮತ್ತು ಪುಟ್ಟಿ ನೋಡಿಕೊಳ್ಳುತ್ತೇವೆ, ತಿರುಗಿಸೋದು ಮಾತ್ರ ಎಲ್ಲರದು ಅಂತ ಹೇಳಿ, ಹೊದಿಕೆ ಸರಿಮಾಡಿ ಬಂದಳು.

ಭಾನುವಾರ ಪಾಠ. ಮನೆಯ ನಡುಕೋಣೆಯ ಚಾಪೆಯ ಮೇಲೆ ರಿಪೇರಿಯನ್ನೇ ರೋಗಿ ಮಾಡಿ ಮಲಗಿಸಿದಳು. ಒಳಕೋಣೆಯ ಬಾಗಿಲು ತೆರೆದೇ ಇತ್ತು, ಅತ್ತೆಗೆ ಎಲ್ಲ ಕಾಣುತ್ತಿತ್ತು.

"ಮೊದಲು ಕೈ ತೊಳ್ಕೊಂಡು ಬನ್ನಿ" ಅಂದಳು ಗಂಡನಿಗೆ.

"ಇವನು ನನ್ನ ತಮ್ಮ ಕಣೇ, ಇವನಿಗೇನು ಕೈ ತೊಳೆಯೋದು?"

"ಯಾರೇ ಆಗಲಿ. ಕೈ ತೊಳೀದೆ ರೋಗಿ ಹತ್ತಿರ ಬಂದವರನ್ನ ನಾನು ವಾರ್ಡಿಂದ ಆಚೆ ಕಳಿಸ್ತೀನಿ. ಡಾಕ್ಟರನ್ನೂ ಕಳಿಸಿದ್ದೀನಿ. ಹೋಗಿ."

ಹೆಡ್ ಕ್ಲರ್ಕು ಗೊಣಗುತ್ತ ಹೋಗಿ ತೊಳೆದುಕೊಂಡು ಬಂದ. ಎರಡು ಕಾಲುಗಳ ನಡುವೆ ದಿಂಬು ಇಡಬೇಕು, ತೋಳು ಹಿಡಿದು ಎಳೆಯಬಾರದು, ಹೆಗಲು ಮತ್ತು ಸೊಂಟ ಎರಡೂ ಒಟ್ಟಿಗೇ ಬರಬೇಕು ಅಂತ ಅವಳು ಹೇಳುತ್ತಿದ್ದರೆ ಇವನು ತಮ್ಮನನ್ನು ಅಕ್ಕಿ ಮೂಟೆ ಉರುಳಿಸಿದ ಹಾಗೆ ಉರುಳಿಸಿದ. ರಿಪೇರಿಯ ಮೂಗು ನೆಲಕ್ಕೆ ಬಡಿಯಿತು.

"ಅಯ್ಯೋ! ರೋಗಿ ಸತ್ತ!" ಅಂತ ಪುಟ್ಟಿ ಬಿದ್ದು ಬಿದ್ದು ನಕ್ಕಳು.

ಒಳಗಿಂದ ಅತ್ತೆ, "ಅವನು ಚಿಕ್ಕಂದಿನಿಂದಲೂ ಅಷ್ಟೇ, ಒಂದಂಕಿ ಬಿಟ್ಟೇ ಕೂಡೋದು. ಇನ್ನೊಂದ್ಸಲ ಮಾಡಿಸು" ಅಂದರು. ಆರು ಸಲ ಮಾಡಿಸಿದ ಮೇಲೆ ಕೈ ಕುದುರಿತು. ಏಳನೆಯದು ನಿಜವಾದ ಮಂಚದ ಮೇಲೆ. ಹೆಡ್ ಕ್ಲರ್ಕು ತನ್ನ ತಾಯಿಯನ್ನು ಎಡಕ್ಕೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು ನಿಂತಾಗ ಅವನ ಹಣೆಯಲ್ಲಿ ಬೆವರು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನೋವಿಗೋ ನಾಚಿಕೆಗೋ ತಿಳಿಯಲಿಲ್ಲ.

ಬೀರುವಿನ ಬಾಗಿಲಿಗೆ ಸಿಸ್ಟರಮ್ಮ ಒಂದು ಚಾರ್ಟು ಅಂಟಿಸಿದಳು. ಹೊತ್ತು, ಮಗ್ಗುಲು, ಚರ್ಮ ಹೇಗಿದೆ, ನೀರು ಕುಡಿದರಾ, ಸಹಿ. ಬೆಳಗ್ಗೆ ಆರಕ್ಕೆ ತಾನು, ಅಂಗಾತ. ಎಂಟಕ್ಕೆ ಗಂಡ, ಎಡ ಮಗ್ಗುಲು. ಹತ್ತಕ್ಕೆ ರಿಪೇರಿ, ಮತ್ತೆ ಅಂಗಾತ. ಹನ್ನೆರಡಕ್ಕೆ ಊಟಕ್ಕೆ ಬಂದಾಗ ಗಂಡ, ಬಲಕ್ಕೆ ದಿಂಬಿನ ಮೇಲೆ ಅರ್ಧ ವಾಲಿಸಿ. ಎರಡಕ್ಕೆ ಕಾಲೇಜಿನಿಂದ ಬಂದ ಪುಟ್ಟಿ, ಅಂಗಾತ. ನಾಲ್ಕರಿಂದ ಮುಂದಿನದೆಲ್ಲ ತಾನೇ.

"ಮಾಡಿದ ಮೇಲೆ ಬರೀಬೇಕು. ಬರೆದು ಮಾಡೋದಲ್ಲ" ಅಂದಳು.

"ಆಯ್ತು ಮೇಡಂ" ಅಂದ ಗಂಡ.

ಸೋಮವಾರ ಚೆನ್ನಾಗಿ ನಡೆಯಿತು. ಮಂಗಳವಾರವೂ ನಡೆಯಿತು ಅಂತ ಚಾರ್ಟು ಹೇಳಿತು. ಬುಧವಾರ ಸಂಜೆ ಅತ್ತೆಯ ಬೆನ್ನ ಕೆಳಗೆ, ಬಾಲಮೂಳೆಯ ಹತ್ತಿರ ಚರ್ಮ ಸ್ವಲ್ಪ ಕೆಂಪಗಿತ್ತು. ಸಿಸ್ಟರಮ್ಮ ಬೆರಳಿಂದ ಒತ್ತಿ ನೋಡಿದಳು. ಬೆಳ್ಳಗಾಗಿ ಮತ್ತೆ ಕೆಂಪಾಯಿತು. "ಪರವಾಗಿಲ್ಲ, ಇನ್ನೂ ಕಾಲ ಮಿಂಚಿಲ್ಲ" ಅಂದುಕೊಂಡಳು. ಚಾರ್ಟು ನೋಡಿದಳು, ಆವತ್ತಿನವರೆಗೆ ಒಂದೂ ಖಾಲಿ ಮನೆ ಇಲ್ಲ. ನಾಳೆ ಹಾಸಿಗೆ ಬಟ್ಟೆ ಬದಲಿಸಬೇಕು ಅಂದುಕೊಂಡು ಅಡುಗೆಮನೆಗೆ ಹೋದಳು.

ಗುರುವಾರ ವಾರ್ಡಿನಲ್ಲಿ ಹದಿನೇಳನೆಯ ಮಂಚದ ಬಡಗಿ ತಾತನ ಸರದಿ. ಕರುಳಿನ ಆಪರೇಷನ್ ಆಗಿ ಮೂರನೆಯ ದಿನ. ಮಾತಾಡುವ, ನಗುವ ಮನುಷ್ಯ. ದಿನಾ ಅವಳನ್ನು ಕಂಡ ಕೂಡಲೇ "ನಿಮ್ಮ ಈ ಮೇಜಿನ ಕಾಲು ಅಲ್ಲಾಡ್ತದೆ ಸಿಸ್ಟರೇ, ನಾನು ಎದ್ದ ದಿನ ಸರಿಮಾಡ್ತೀನಿ" ಅನ್ನುತ್ತಿದ್ದವರು ಅಂದು ಮೇಜಿನ ಸುದ್ದಿ ಎತ್ತಲಿಲ್ಲ. ಹೇಗಿದ್ದೀರಿ ಅಂದರೆ "ಚೆನ್ನಾಗಿದ್ದೀನಿ" ಅಂದರು, ಅಷ್ಟೇ. ಸಿಸ್ಟರಮ್ಮ ಕೈ ಹಿಡಿದು ನಾಡಿ ಎಣಿಸಿದಳು. ಬೆಳಗ್ಗೆ ತೊಂಬತ್ತಿದ್ದದ್ದು ಹನ್ನೊಂದಕ್ಕೆ ನೂರಾ ಹನ್ನೆರಡು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಮೂತ್ರದ ಚೀಲದಲ್ಲಿ ಕಳೆದ ಎರಡು ಗಂಟೆಗಳಲ್ಲಿ ಒಂದು ಹನಿಯೂ ಹೆಚ್ಚಿಲ್ಲ.

ಡ್ಯೂಟಿಯ ಚಿಕ್ಕ ಡಾಕ್ಟರು ಬಂದು ನೋಡಿ, "ನೋವಿಗೆ ಇಂಜೆಕ್ಷನ್ ಕೊಡಿ. ಸಂಜೆ ನೋಡೋಣ" ಅಂದರು.

"ಸಂಜೆವರೆಗೆ ಕಾಯೋ ಹಾಗಿಲ್ಲ ಡಾಕ್ಟ್ರೇ. ನಾಡಿ ಏರ್ತಾ ಇದೆ, ಬಿಪಿ ಇಳೀತಾ ಇದೆ. ಒಳಗೆ ಏನೋ ಸೋರ್ತಾ ಇದೆ."

"ಡಾಕ್ಟರು ನೀವಾ, ನಾನಾ?"

"ನೀವೇ. ಅದಕ್ಕೇ ನಿಮಗೆ ಹೇಳ್ತಾ ಇರೋದು. ನಾನು ಹೇಳಿದ್ದು, ನೀವು ಹೇಳಿದ್ದು, ಹೊತ್ತು, ಎಲ್ಲ ಬರೆದಿಡ್ತೀನಿ. ಈಗ ದೊಡ್ಡ ಡಾಕ್ಟರಿಗೂ ಫೋನ್ ಮಾಡ್ತೀನಿ."

ಮೊದಲ ಸಲ ದೊಡ್ಡ ಡಾಕ್ಟರು ಎತ್ತಲಿಲ್ಲ. ಎರಡನೇ ಸಲ ಗದರಿದರು. ಮೂರನೇ ಸಲ ಅವಳು ಪೀಠಿಕೆ ಹಾಕದೆ ಅಂಕಿಗಳನ್ನಷ್ಟೇ ಓದಿದಳು. ಹತ್ತು ನಿಮಿಷದಲ್ಲಿ ಅವರು ಬಂದರು, ಹೊಟ್ಟೆ ಮುಟ್ಟಿ ನೋಡಿ ಥಿಯೇಟರಿಗೆ ಸಿದ್ಧಮಾಡಿ ಅಂದರು. ಒಳಗಿನ ಹೊಲಿಗೆ ಬಿಟ್ಟಿತ್ತು. ಇನ್ನೆರಡು ಗಂಟೆ ತಡವಾಗಿದ್ದರೆ ತಾತ ಕೈಗೆ ಸಿಗುತ್ತಿರಲಿಲ್ಲ ಅಂತ ಆಮೇಲೆ ಅವರೇ ಹೇಳಿದರು, ಅವಳ ಮುಖ ನೋಡದೆ.

ತಾತನನ್ನು ಥಿಯೇಟರಿಂದ ಕರೆತರುವವರೆಗೆ ಬಿಟ್ಟು ಬರುವ ಹಾಗಿರಲಿಲ್ಲ. ಎರಡು ಗಂಟೆಗೇ ಗಂಡನಿಗೆ ಫೋನ್ ಮಾಡಿದ್ದಳು: "ವಾರ್ಡಿನ ಬಡಗಿ ತಾತ ಥಿಯೇಟರಲ್ಲಿದ್ದಾರೆ, ಬರೋದು ತಡವಾಗತ್ತೆ. ನಾಲ್ಕು ಗಂಟೆದು ಪುಟ್ಟಿ ಮಾಡಲಿ, ಹೇಳ್ಬಿಡಿ." ಅವನು ಹೂಂ ಅಂದಿದ್ದ.

ಮನೆಗೆ ಬಂದಾಗ ಐದೂವರೆ. ಚಪ್ಪಲಿ ಬಿಡುವ ಮೊದಲೇ ಗಂಡ ಶುರುಮಾಡಿದ. "ಬಂದ್ರಾ ಮಹಾರಾಣಿ? ಮನೇಲಿ ಒಬ್ಬರು ಮಲಗಿದ್ದಾರೆ ಅನ್ನೋ ನೆನಪಾದರೂ ಇತ್ತಾ?"

ಅವಳು ಕೈ ತೊಳೆದುಕೊಂಡು ಸೀದಾ ಒಳಕೋಣೆಗೆ ಹೋದಳು. ಅತ್ತೆ ಅಂಗಾತ ಮಲಗಿದ್ದರು. ಬೆಳಗ್ಗೆ ಆರಕ್ಕೆ ತಾನು ಹಾಕಿದ ಮಡಿಕೆ ಹಾಸಿಗೆ ಬಟ್ಟೆಯಲ್ಲಿ ಹಾಗೇ ಇತ್ತು. ಎಡಕ್ಕೆ ತಿರುಗಿಸಿ ನೋಡಿದಳು. ಬಾಲಮೂಳೆಯ ಮೇಲೆ ಅಂಗೈಯಷ್ಟಗಲ ಕೆಂಪು. ಬೆರಳಿಂದ ಒತ್ತಿದಳು. ಬೆಳ್ಳಗಾಗಲಿಲ್ಲ.

ಹಾಗೇ ಎಡಕ್ಕೇ ಇರಲೆಂದು ಬೆನ್ನಿಗೆ ದಿಂಬು ಕೊಟ್ಟಳು. ಬೀರುವಿನ ಹತ್ತಿರ ಹೋಗಿ ಚಾರ್ಟು ನೋಡಿದಳು. ಗುರುವಾರ ಎಂಟು, ಎಡ, ಗಂಡನ ಸಹಿ. ಹತ್ತು, ಅಂಗಾತ, ರಿಪೇರಿಯ ಸಹಿ. ಹನ್ನೆರಡು, ಬಲ, ಗಂಡನ ಸಹಿ. ಎರಡು, ಅಂಗಾತ, ಪುಟ್ಟಿಯ ಸಹಿ. ನಾಲ್ಕು ಖಾಲಿ. ಅದರ ಕೆಳಗೆ ಶುಕ್ರವಾರ ಎಂಟು, ಎಡ, ಗಂಡನ ಸಹಿ.

"ಇವತ್ತು ಯಾವ ವಾರ?" ಅಂದಳು.

"ಗುರುವಾರ" ಅಂದ ಗಂಡ ಬಾಗಿಲಲ್ಲಿ ನಿಂತು.

"ನಾಳೆ ಎಂಟು ಗಂಟೆಗೆ ಅಮ್ಮನ್ನ ಎಡಕ್ಕೆ ತಿರುಗಿಸಿ ಆಯ್ತಾ? ನಾಳಿದ್ದು ಹನ್ನೆರಡಕ್ಕೂ? ಚರ್ಮ ಚೆನ್ನಾಗಿದೆ ಅಂತಲೂ ಬರೆದಿದ್ದೀರಲ್ಲ, ನಾಳಿದ್ದಿನ ಚರ್ಮ!"

ಹೆಡ್ ಕ್ಲರ್ಕಿನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಸಂಗತಿ ಇಷ್ಟೇ: ಅವನ ಆಫೀಸಿನಲ್ಲಿ ಹಾಜರಿ ಪುಸ್ತಕಕ್ಕೆ ಎಲ್ಲರೂ ಸೋಮವಾರವೇ ಶನಿವಾರದವರೆಗಿನ ಸಹಿ ಹಾಕಿಬಿಡುತ್ತಿದ್ದರು. ಇಪ್ಪತ್ತಾರು ವರ್ಷದ ಅಭ್ಯಾಸ. ಸಹಿ ಹಾಕಿದರೆ ಬಂದ ಹಾಗೆ. ಅದೇ ಕೈ ಆವತ್ತು ಬೆಳಗ್ಗೆ ಇಲ್ಲೂ ಓಡಿತ್ತು.

"ಒಂದೆರಡು ಸಲ ತಪ್ಪಿರಬಹುದು. ಅದಕ್ಕೇನೀಗ? ಉಳಿದವರು ಮಾಡಿದ್ದಾರಲ್ಲ" ಅಂದ.

ಸಿಸ್ಟರಮ್ಮ ಅಂಗಡಿಯಿಂದ ರಿಪೇರಿಯನ್ನೂ ಕೋಣೆಯಿಂದ ಪುಟ್ಟಿಯನ್ನೂ ಕರೆದಳು.

"ನಾನು ಹತ್ತಕ್ಕೆ ಬಂದೆ ಅತ್ತಿಗೆ, ದೇವರಾಣೆ" ಅಂದ ರಿಪೇರಿ. "ಚಾರ್ಟಲ್ಲಿ ಎಂಟಕ್ಕೆ ಎಡ ಅಂತಿತ್ತು, ನಾನು ಅಂಗಾತ ಮಾಡ್ಬೇಕಿತ್ತು. ನೋಡಿದ್ರೆ ಅಮ್ಮ ಅಂಗಾತಾನೇ ಇದ್ರು. ಯಾರೋ ಆಗಲೇ ಮಾಡಿದ್ದಾರೆ ಅಂದ್ಕೊಂಡು ಸಹಿ ಹಾಕಿದೆ."

"ನಾನೂ ಹಾಗೇ ಅಮ್ಮ" ಅಂದಳು ಪುಟ್ಟಿ. ಕಣ್ಣಲ್ಲಿ ನೀರು ತುಂಬಿತ್ತು. "ನಾಲ್ಕು ಗಂಟೆದು ನಂಗೆ ಯಾರೂ ಹೇಳಲೇ ಇಲ್ಲ."

"ಕೇಳಿದ್ರಾ?" ಅಂದಳು ಸಿಸ್ಟರಮ್ಮ ಗಂಡನಿಗೆ. "ನೀವು ಎರಡು ಸಲ ತಪ್ಪಿಸಿದ್ದಲ್ಲ. ನೀವು ಬರೆದದ್ದು ನಂಬಿ ಮೂರು ಜನ ತಪ್ಪಿದ್ವಿ. ನಿನ್ನೆ ಕೆಂಪು ಕಂಡಾಗ ನಾನೂ ನಂಬಿದೆ, ಹಾಸಿಗೆ ಬಟ್ಟೆ ಮೇಲೆ ಅನುಮಾನ ಪಟ್ಟೆ! ಹನ್ನೊಂದೂವರೆ ಗಂಟೆ ಅವರು ಒಂದೇ ಮೂಳೆ ಮೇಲೆ ಮಲಗಿದ್ದಾರೆ. ನನ್ನ ವಾರ್ಡಲ್ಲಿ ಹೀಗೆ ಬರೆದವರಿದ್ದಿದ್ರೆ ಆವತ್ತೇ ಆಚೆ ಹಾಕ್ತಿದ್ದೆ."

"ಇದು ನಿನ್ನ ವಾರ್ಡಲ್ಲ, ನನ್ನ ಮನೆ!" ಅಂತ ಗಂಡ ದನಿ ಏರಿಸಿದ. "ನೀನು ಮನೇಲಿದ್ದಿದ್ರೆ ಇದಾಗ್ತಿತ್ತಾ? ಅಲ್ಲಿ ಯಾವನೋ ಬಡಗಿಗೆ ಪ್ರಾಣ ಬಿಡ್ತೀಯ. ನಿನ್ನ ಅತ್ತೆ ಇಲ್ಲಿ ಕೊಳೀತಾ ಬಿದ್ದಿರಲಿ."

"ಆ ಬಡಗಿ ಹತ್ತಿರ ನಾನು ಇವತ್ತು ಇಲ್ಲದಿದ್ರೆ ಅವರು ಸತ್ತಿರ್ತಿದ್ರು. ನಿಮ್ಮಮ್ಮನ ಹತ್ತಿರ ನೀವು ಐದು ನಿಮಿಷ ಇದ್ದಿದ್ರೆ ಸಾಕಿತ್ತು. ಐದೇ ನಿಮಿಷ!"

ಮಂಚದ ಮೇಲೆ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ.

ಶುಕ್ರವಾರ, ಶನಿವಾರ ಸಿಸ್ಟರಮ್ಮ ಜೊತೆಯವಳ ಹತ್ತಿರ ಡ್ಯೂಟಿ ಬದಲಿಸಿಕೊಂಡು ಮನೆಯಲ್ಲೇ ಉಳಿದಳು. ಬೆನ್ನು ಹಾಸಿಗೆಗೆ ತಾಗದ ಹಾಗೆ ನೋಡಿಕೊಂಡಳು. ಅಂಗಾತ ಮಲಗಿಸುವುದನ್ನೇ ಚಾರ್ಟಿಂದ ತೆಗೆದುಹಾಕಿದಳು. ಗಂಡನ ಜೊತೆ ಮಾತಿಲ್ಲ. ಬ್ರೆಡ್ಡು ಬೇಕೋ ಮೊಟ್ಟೆ ಬೇಕೋ ಅನ್ನುವುದೂ ಪುಟ್ಟಿಯ ಮೂಲಕವೇ. ಅವನಿಗೆ ಮಾತ್ರ ತಾನು ಗೆದ್ದೆ ಅನ್ನಿಸಿತು. ಹೆಂಗಸು ಮನೆಯಲ್ಲಿ ಕೂತಿದ್ದಾಳೆ, ಹಾಗಾದರೆ ದಾರಿಗೆ ಬಂದಳು ಅಂತ ಲೆಕ್ಕ.

ಶನಿವಾರ ಸಂಜೆ ದೊಡ್ಡಕ್ಕ ಬಂದಳು. ಚಹಾ ಆಗುವವರೆಗೂ ಕಾಯಲಿಲ್ಲ.

"ಏನಮ್ಮಾ ಇದು? ಅಮ್ಮನ್ನ ಫೈಲ್ ಮಾಡಿ ಬೀರುಗೆ ಅಂಟಿಸಿದ್ದೀಯಂತೆ. ಅಮ್ಮನ್ನ ನೋಡ್ಕೊಳ್ಳೋಕೆ ಸಹಿ ಬೇಕಾ? ಪ್ರೀತಿ ಇದ್ರೆ ಸಾಲದಾ?"

"ಪ್ರೀತಿ ಎಲ್ಲರಿಗೂ ಇತ್ತು ಅಕ್ಕ. ಬೆನ್ನು ಕೆಂಪಾಯ್ತು."

"ಮಾತಿಗೆ ಮಾತು ಜೋಡಿಸ್ಬೇಡ. ಹತ್ತೊಂಬತ್ತು ವರ್ಷ ದುಡಿದಿದ್ದೀಯ, ಸಾಕು. ಹಿರಿಯರು ಮಲಗಿರೋವಾಗ ಮನೆ ಹೆಂಗಸು ಮನೇಲಿರ್ಬೇಕು. ತಗೊಂಡು ಬಾರೋ ಅದನ್ನ."

ಗಂಡ ಒಳಗಿಂದ ಒಂದು ಕಾಗದ ತಂದು ಮೇಜಿನ ಮೇಲಿಟ್ಟ. ಆಫೀಸಿನಲ್ಲೇ ಟೈಪ್ ಮಾಡಿಸಿದ್ದು. ಕೌಟುಂಬಿಕ ಕಾರಣಗಳಿಂದಾಗಿ ನಾನು ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ, ದಯವಿಟ್ಟು ಅಂಗೀಕರಿಸಬೇಕು. ಕೆಳಗೆ ಸಹಿಗೆ ಜಾಗ. ಪಕ್ಕದಲ್ಲಿ ಪೆನ್ನು.

"ಹಾಕು" ಅಂದ.

ಸಿಸ್ಟರಮ್ಮ ಕಾಗದ ಪೂರ್ತಿ ಓದಿದಳು. ಪೆನ್ನು ಮುಟ್ಟಲಿಲ್ಲ.

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ. ಈ ವರ್ಷ ಅಲ್ಲ, ಮುಂದಿನ ವರ್ಷವೂ ಅಲ್ಲ. ರೋಗಿ ಮುಖ ನೋಡಿ, ನಾಡಿ ಹಿಡಿದು, ಏನೋ ಕೆಟ್ಟದ್ದಾಗ್ತಾ ಇದೆ ಅಂತ ಹೇಳೋಕೆ ನಂಗೆ ಹತ್ತೊಂಬತ್ತು ವರ್ಷ ಹಿಡೀತು. ನಿಮಗೆ ಮಗ್ಗುಲು ತಿರುಗಿಸೋದು ಕಲಿಯೋಕೆ ಒಂದು ಭಾನುವಾರ ಹಿಡೀತು. ಯಾರ ಕೆಲಸ ಬಿಡಿಸ್ಬೇಕು ನೀವೇ ಹೇಳಿ."

"ಹಾಗಾದ್ರೆ ಅಮ್ಮನ್ನ ನಾನು ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ!" ಅಂತ ದೊಡ್ಡಕ್ಕ ಎದ್ದು ನಿಂತಳು.

"ಸಂತೋಷ. ಚಾರ್ಟು ಕೊಡ್ತೀನಿ. ಈಗ ಆರು ಗಂಟೆ, ತಿರುಗಿಸೋ ಹೊತ್ತು. ಬನ್ನಿ, ಇಲ್ಲೇ ಒಂದ್ಸಲ ಮಾಡಿ ತೋರಿಸಿ."

ದೊಡ್ಡಕ್ಕ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ನಂಗೆ ಬೆನ್ನು ನೋವು. ನಮ್ಮ ಮನೆ ಮೆಟ್ಟಿಲೂ ಕಡಿದು. ನಾನೆಲ್ಲಿ..."

"ಏನು ಗಲಾಟೆ ಅದು?" ಒಳಕೋಣೆಯ ದನಿ. ತರಗತಿಯ ಕೊನೆಯ ಬೆಂಚಿನವರೆಗೂ ಕೇಳುವ ದನಿ. "ಆ ಕಾಗದ ಇಲ್ಲಿ ತಗೊಂಡು ಬನ್ನಿ. ಬೀರು ಮೇಲಿರೋದನ್ನೂ ಬಿಚ್ಚಿ ತನ್ನಿ. ಪುಟ್ಟೀ, ನನ್ನ ಕನ್ನಡಕ. ಡ್ರಾಯರಲ್ಲಿ ಕೆಂಪು ಪೆನ್ನಿದೆ ನೋಡು."

ಎಲ್ಲರೂ ಮಂಚದ ಸುತ್ತ ನಿಂತರು. ಗಂಡ ದೊಡ್ಡಕ್ಕನ ಕಡೆ ನೋಡಿದ. ಅಮ್ಮ ಹೇಳಿದರೆ ಮುಗಿಯಿತು ಅನ್ನುವ ನೋಟ. ಸಿಸ್ಟರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಅತ್ತೆಯೇ ಹಾಕು ಅಂದರೂ ಹಾಕುವುದಿಲ್ಲ ಅಂತ ಅವಳು ಆಗಲೇ ಗಟ್ಟಿಮಾಡಿಕೊಂಡಿದ್ದಳು.

ಅತ್ತೆ ಮೊದಲು ಚಾರ್ಟು ಹಿಡಿದರು. ಮಲಗಿದ್ದಲ್ಲೇ, ದಿಂಬಿನ ಮೇಲೆ ಹಲಗೆ ಇಟ್ಟುಕೊಂಡು, ಒಂದೊಂದೇ ಸಾಲು ನೋಡಿದರು.

"ಸೋಮವಾರ ಎಂಟು, ಸರಿ. ಹನ್ನೆರಡು, ಸರಿ. ಮಂಗಳವಾರ ಎಂಟು, ಸರಿ. ಮಂಗಳವಾರ ಹನ್ನೆರಡು..." ಕೆಂಪು ಪೆನ್ನು ಚರಕ್ಕೆಂದಿತು. "ತಪ್ಪು. ನೀನು ಊಟ ಮಾಡಿ ಸೋಫಾದಲ್ಲಿ ಮಲಗಿದ್ದೆ. ಬುಧವಾರ ಎಂಟು, ತಪ್ಪು. ಹನ್ನೆರಡು, ತಪ್ಪು. ಗುರುವಾರ ಎರಡೂ ತಪ್ಪು. ಶುಕ್ರವಾರ, ಶನಿವಾರದ್ದು ಪ್ರಶ್ನೆಪತ್ರಿಕೆ ಬರೋ ಮೊದಲೇ ಉತ್ತರ. ಒಟ್ಟು ಹನ್ನೆರಡು ಸಹಿ, ಮೂರು ನಿಜ. ನೂರಕ್ಕೆಷ್ಟು?"

ಹೆಡ್ ಕ್ಲರ್ಕು ನೆಲ ನೋಡಿದ.

"ನೂರಕ್ಕೆಷ್ಟೋ?"

"ಇಪ್ಪತ್ತೈದು."

"ಫೇಲು. ನಾನು ಮೂವತ್ತು ವರ್ಷದಲ್ಲಿ ಒಬ್ಬ ಕಾಪಿ ಹೊಡೆದವನನ್ನೂ ಬಿಟ್ಟವಳಲ್ಲ. ನಿನ್ನ ಮಾತ್ರ ಬಿಟ್ಟೆ." ಅತ್ತೆ ಕನ್ನಡಕ ಮೇಲೇರಿಸಿಕೊಂಡರು. "ಮಗನಿಗೆ ಸುಸ್ತು, ಮಲಗಲಿ ಅಂದ್ಕೊಂಡೆ. ಬೆನ್ನು ಉರೀತಿತ್ತು. ಕೂಗಲಿಲ್ಲ. ಹತ್ತಕ್ಕೆ ಚಿಕ್ಕವನು ಬಂದಾಗ ಆಗಿದೆ ಹೋಗು ಅಂದೆ. ಸೊಸೆ ಬೈಸಿಕೊಳ್ಳುವಾಗಲೂ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು." ಚಾರ್ಟಿನ ಮೂಲೆಯಲ್ಲಿ ತಮ್ಮ ಹೆಸರಿಗೂ ಒಂದು ಕೆಂಪು ಗೀಟು ಎಳೆದರು.

"ಅಮ್ಮಾ, ಅದೆಲ್ಲ ಇರಲಿ, ಈ ಕಾಗದ..." ಅಂತ ದೊಡ್ಡಕ್ಕ ನಡುವೆ ಬಂದಳು.

"ಕೊಡು, ಅದನ್ನೂ ತಿದ್ದಿಬಿಡೋಣ." ಅತ್ತೆ ರಾಜೀನಾಮೆ ಓದಿದರು. ಮಗನ ಮುಖ ನೋಡಿದರು. "ಕೌಟುಂಬಿಕ ಕಾರಣಗಳು ಅಂತ ಬರೆದಿದ್ದೀಯ. ಯಾವ ಕಾರಣ? ಬಿಡಿಸಿ ಬರಿ. ಬೆಳಗ್ಗೆ ಎಂಟಕ್ಕೆ ಹೆತ್ತ ತಾಯಿಯನ್ನ ತಿರುಗಿಸೋಕೆ ನನ್ನ ಗಂಡನಿಗೆ ಬೇಜಾರು ಅಂತ ಬರಿ. ಅತ್ತೆಗೆ ಮೂರು ಜನ ಮಕ್ಕಳಿದ್ದಾರೆ, ಮೂವರಿಗೂ ಕೈಯಿಲ್ಲ ಅಂತ ಬರಿ. ಬರೀತೀಯಾ? ನಾನು ಅದರ ಕೆಳಗೆ ಸಾಕ್ಷಿ ಹಾಕ್ತೀನಿ."



"ಇವಳನ್ನ ನಾನು ಏನಂದಿದ್ದೆ ಗೊತ್ತಾ ಮದುವೆ ಹೊತ್ತಲ್ಲಿ?" ಅಂದರು ಅತ್ತೆ, ಯಾರಿಗೆ ಅಂತಿಲ್ಲದೆ.

"ಗೊತ್ತು ಅತ್ತೆ" ಅಂದಳು ಸಿಸ್ಟರಮ್ಮ. "ಆವತ್ತೇ ಕಿವಿಗೆ ಬಿದ್ದಿತ್ತು."

"ಗೊತ್ತಿದ್ದೂ ಮಾಡಿದೆ ನೀನು."

"ಗೊತ್ತಿದ್ದೇ ಮಾಡಿದೆ. ನೀವು ರೋಗಿ, ನಾನು ನರ್ಸು. ಆದ್ರೆ ಮರೆತಿಲ್ಲ."

"ಮರೀಬೇಡ" ಅಂದರು ಅತ್ತೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡರು. ರಾಜೀನಾಮೆಯ ಕಾಗದ ಮಗುಚಿದರು. "ಒಳ್ಳೆ ದಪ್ಪ ಕಾಗದ. ಹಿಂದುಗಡೆ ಖಾಲಿ ಇದೆ. ಪುಟ್ಟೀ, ಸ್ಕೇಲು ತಾ, ಗೆರೆ ಹಾಕು. ಮುಂದಿನ ವಾರದ್ದು. ಹೊತ್ತು, ಮಗ್ಗುಲು, ಚರ್ಮ, ನೀರು, ಸಹಿ. ಆಮೇಲೆ ಕೊನೇಲಿ ಇನ್ನೊಂದು ಮನೆ ಹಾಕು. ರೋಗಿ ಸಹಿ. ನಾನು ಕೆಂಪಲ್ಲಿ ಹಾಕದೆ ಯಾರದ್ದೂ ಲೆಕ್ಕಕ್ಕಿಲ್ಲ." ಆಮೇಲೆ ಬಾಗಿಲ ಕಡೆ ನಿಧಾನವಾಗಿ ಸರಿಯುತ್ತಿದ್ದ ದೊಡ್ಡಕ್ಕನನ್ನು ನೋಡಿದರು. "ಎಲ್ಲಿಗೆ? ರಾತ್ರಿದು ಈ ಮನೆಯವರು ನೋಡ್ಕೋತಾರೆ. ಸೋಮವಾರ ಬೆಳಗ್ಗೆ ಎಂಟು ನಿಂದು. ಇವನು ನಿಂತು ಹೇಳಿಕೊಡ್ತಾನೆ, ನೀನು ಮಾಡ್ತೀಯ. ಬೆನ್ನು ನೋವಿದ್ರೆ ಕೈಯಲ್ಲಿ ಹಗ್ಗ ತಗೊಂಡು ಬಾ, ನಿನ್ನನ್ನೇ ಎಳೆದು ನಿಲ್ಲಿಸ್ತೀವಿ."

ರಿಪೇರಿ ಗೋಡೆಗೆ ಮುಖ ಮಾಡಿ ನಕ್ಕ. ಗಂಡ ನಗಲಿಲ್ಲ. ಅವನು ಹೋಗಿ ಕೈ ತೊಳೆದುಕೊಂಡು ಬಂದು, ಯಾರೂ ಹೇಳದೆ, ದಿಂಬು ತೆಗೆದು, ತಾಯಿಯ ಹೆಗಲಿಗೂ ಸೊಂಟಕ್ಕೂ ಕೈಕೊಟ್ಟು ಬಲಕ್ಕೆ ವಾಲಿಸಿದ. ಚಾರ್ಟಿಗೆ ಸಹಿ ಹಾಕಿ ಪೆನ್ನು ಅಮ್ಮನಿಗೆ ಕೊಟ್ಟ. ಅವರು ಕೆಂಪಲ್ಲಿ ಬರೆದರು: ಕೈ ತಣ್ಣಗಿತ್ತು. ಉಳಿದಂತೆ ಪರವಾಗಿಲ್ಲ.

ಸಿಸ್ಟರಮ್ಮ ಅವನ ಜೊತೆ ಆವತ್ತೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಬೇಳೆ ಪಾತ್ರೆ ಅವನ ಕಡೆ ಸರಿಸಿ, "ನೀವೇ ಬಡಿಸ್ಕೊಳ್ಳಿ, ಬರತ್ತಲ್ಲ" ಅಂದಳು.

ಸೋಮವಾರ ಬೆಳಗ್ಗೆ ಆರಕ್ಕೆ ಅವಳು ಅತ್ತೆಯ ಬೆನ್ನು ಒತ್ತಿ ನೋಡಿದಳು. ಚರ್ಮ ಒಡೆದಿರಲಿಲ್ಲ. ಕೆಂಪು ಇನ್ನೂ ಇತ್ತು, ಅಂಚಿನಿಂದ ಒಳಗೆ ಸರಿದಿತ್ತು. ಅದನ್ನು ಬರೆದು, ಸಹಿ ಹಾಕಿ, ಅತ್ತೆಯ ಕೈಗೆ ಕೆಂಪು ಪೆನ್ನು ಕೊಟ್ಟಳು. ಅವರು ಓದಿಯೇ ಹಾಕಿದರು. ಏಳೂವರೆಗೆ ಯೂನಿಫಾರ್ಮ್ ಹಾಕಿ, ಗಡಿಯಾರ ಎದೆಗೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಾಗ ಗೇಟು ಕಿರ್ರೆಂದಿತು. ದೊಡ್ಡಕ್ಕ. ಮುಖ ಗಂಟಿಕ್ಕಿಕೊಂಡು, ಹೆಗಲಿಗೊಂದು ಚೀಲ, ಸೊಂಟಕ್ಕೊಂದು ಬೆಲ್ಟು.

"ಏಳೂವರೆಗೇ ಹೊರಟೆಯಾ? ನಂಗೆ ಒಬ್ಬಳಿಗೇ ಭಯ ಆಗತ್ತಮ್ಮ. ಇವತ್ತೊಂದಿನ ನೀನೇ ಮಾಡಿ ಹೋಗ್ಬಾರ್ದಾ?"

"ವಾರ್ಡಲ್ಲಿ ಬಡಗಿ ತಾತ ಎದ್ದು ಕೂರ್ತಾರಂತೆ ಇವತ್ತು. ನಾನಿರ್ಬೇಕು."

"ಅಮ್ಮ ಬೈತಾರೆ ಕಣೇ!"

ಒಳಗಿಂದ ದನಿ ಬಂತು, "ಇನ್ನೂ ಅರ್ಧ ಗಂಟೆ ಇದೆ! ಬಾ ಒಳಗೆ, ಬೈಯೋಕೆ ಶುರು ಮಾಡೋಣ!"

ಸಿಸ್ಟರಮ್ಮ ಗೇಟು ಅಗಲ ತೆಗೆದು ದೊಡ್ಡಕ್ಕನನ್ನು ಒಳಗೆ ಬಿಟ್ಟಳು. ಹಿಂದೆಯೇ ತಾನು ಆಚೆ ಬಂದು ಚಿಲಕ ಹಾಕಿದಳು.

"ಮೊದಲು ಕೈ ತೊಳ್ಕೊಳ್ಳಿ" ಅಂದು ಬಸ್ಸು ಹಿಡಿಯಲು ನಡೆದಳು.